ಅಲಾಸ್ಕಾ ಕ್ರೂಸ್: ದಾರಿ ಆರಿಸುವುದರಿಂದ ಹಡಗು ಇಳಿಯುವವರೆಗೆ

ಅಲಾಸ್ಕಾ ಕ್ರೂಸ್ ಅಂದಾಕ್ಷಣ ಹೆಚ್ಚಿನವರು ಹಡಗುಗಳನ್ನು ಹೋಲಿಸಲು ಕೂರುತ್ತಾರೆ. ಎಷ್ಟು ಅಂತಸ್ತು, ಎಷ್ಟು ರೆಸ್ಟೋರೆಂಟ್, ಮಕ್ಕಳಿಗೆ ಜಾರುಬಂಡಿ ಇದೆಯಾ ಅಂತ. ದಯವಿಟ್ಟು ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಈ ಪ್ರವಾಸದಲ್ಲಿ ನೋಡಬೇಕಾದ್ದೆಲ್ಲ ಹಡಗಿನ ಹೊರಗಿದೆ. ಹಡಗು ಯಾವ ನೀರಿನಲ್ಲಿ ಹೋಗುತ್ತದೆ, ಯಾವ ಹಿಮನದಿಯ ಹತ್ತಿರ ಹೋಗುತ್ತದೆ, ಯಾವ ಊರಿನಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ ಅನ್ನುವುದನ್ನು ಮೊದಲು ನೋಡಿ. ಟಿಕೆಟ್ ಬೆಲೆ ಒಂದೇ ಇದ್ದರೂ ಈ ಮೂರರಲ್ಲಿ ಭಾರಿ ವ್ಯತ್ಯಾಸ ಇರುತ್ತದೆ.

ಬೆಂಗಳೂರಿನಿಂದ ನೇರವಾಗಿ ಹೊರಡುವವರಿಗೂ, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದು ಅಲ್ಲಿಂದ ಎಲ್ಲರೂ ಕೂಡಿ ಹೋಗುವ ಅಪ್ಪ-ಅಮ್ಮಂದಿರಿಗೂ ಉಪಯೋಗವಾಗಲಿ ಅಂತ ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲು ದಾರಿ ಆರಿಸಿ

ಏಳು ರಾತ್ರಿಯ ಪ್ರವಾಸಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವುದು ಒಂದು. ಅಮೆರಿಕದೊಳಗೆ ಇರುವವರಿಗೆ ವಿಮಾನದ ಖರ್ಚು ಇದರಲ್ಲಿ ಕಡಿಮೆ, ಓಡಾಟವೂ ಸುಲಭ. ಆದರೆ ಈ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಮೊದಲ ದಿನ ಮತ್ತು ಕೊನೆಯ ದಿನ ಹಡಗು ಸ್ವಲ್ಪ ಓಲಾಡುವ ಸಾಧ್ಯತೆ ಜಾಸ್ತಿ.

ಎರಡನೆಯದು ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ವಾಪಸ್ ಬರುವುದು. ಇದು ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಇನ್‌ಸೈಡ್ ಪ್ಯಾಸೇಜ್ ದಾರಿ. ಎರಡೂ ಕಡೆ ಕಾಡು, ಬೆಟ್ಟ. ಗಾಳಿಗೆ ಮರೆ ಇರುವುದರಿಂದ ನೀರು ಬಹಳ ಹೊತ್ತು ಶಾಂತವಾಗಿರುತ್ತದೆ. ಹಡಗಿನಲ್ಲಿ ಸುಮ್ನೆ ಕೂತಿದ್ದರೂ ನೋಡಲು ಏನಾದರೂ ಇರುತ್ತದೆ.

ಮೂರನೆಯದು ಒಂದೇ ದಿಕ್ಕಿನ ಪ್ರಯಾಣ. ವ್ಯಾಂಕೂವರ್‌ನಲ್ಲಿ ಹತ್ತಿ, ಆ್ಯಂಕರೇಜ್ ಕಡೆಯ ಸೆವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿಯುವುದು. ಇಲ್ಲವೇ ಅದರ ಉಲ್ಟಾ. ಅಲಾಸ್ಕಾ ಕೊಲ್ಲಿ ದಾಟುವಾಗ ಹಡಗು ಅಲೆಗೆ ಸಿಗುತ್ತದೆ. ಆದರೆ ಉತ್ತರದ ಹಿಮನದಿಗಳು ಸಿಗುತ್ತವೆ, ಇಳಿದ ಮೇಲೆ ರೈಲಿನಲ್ಲಿ ಡೆನಾಲಿ ರಾಷ್ಟ್ರೀಯ ಉದ್ಯಾನದ ತನಕ ಹೋಗಬಹುದು.

ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು ವಯಸ್ಸಾದವರ ಜೊತೆ ಇದ್ದರೆ ವ್ಯಾಂಕೂವರ್‌ನಿಂದ ಹೋಗಿ ಬರುವ ದಾರಿಯೇ ಒಳ್ಳೆಯದು. ಕೈಯಲ್ಲಿ ಹತ್ತು ಹನ್ನೆರಡು ದಿನ ಇದ್ದರೆ, ನಡೆಯಲು ಕಾಲು ಗಟ್ಟಿ ಇದ್ದರೆ, ಒಂದೇ ದಿಕ್ಕಿನ ಪ್ರಯಾಣ ಮಾಡಿ ಡೆನಾಲಿ ಸೇರಿಸಿಕೊಳ್ಳಿ. ಅಮೆರಿಕದಲ್ಲಿ ಕೆಲಸ ಮಾಡುತ್ತಾ ಒಂದೇ ವಾರ ರಜೆ ಇರುವವರಿಗೆ ಸಿಯಾಟಲ್ ಸಾಕು.

ದಾರಿ ಗೊತ್ತಾದ ಮೇಲೆ ಪಟ್ಟಿಯಲ್ಲಿ ಹಿಮನದಿಯ ಹೆಸರು ಹುಡುಕಿ. ಗ್ಲೇಸಿಯರ್ ಬೇ ಅಂತಿದ್ದರೆ ಅದಕ್ಕೆ ಮೊದಲ ಆದ್ಯತೆ ಕೊಡಿ. ಅದೊಂದು ರಾಷ್ಟ್ರೀಯ ಉದ್ಯಾನ, ಯುನೆಸ್ಕೋ ವಿಶ್ವ ಪರಂಪರೆಯ ತಾಣ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಒಳಗೆ ಬಿಡುತ್ತಾರೆ. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾ ಕಂಪನಿಗಳ ಹಡಗುಗಳಿಗೆ ಈ ಅನುಮತಿ ಹೆಚ್ಚಾಗಿ ಇರುತ್ತದೆ, ನಾರ್ವೇಜಿಯನ್‌ನ ಕೆಲವು ಹಡಗುಗಳಿಗೂ ಇದೆ. ಹಬ್ಬರ್ಡ್ ಅಂತಿದ್ದರೆ ಅದೂ ಬಹಳ ದೊಡ್ಡದು. ಸುಮಾರು 120 ಕಿಲೋಮೀಟರ್ ಉದ್ದ, ಎದುರಿನ ಹಿಮದ ಗೋಡೆ ಸುಮಾರು 10 ಕಿಲೋಮೀಟರ್ ಅಗಲ. ಎಂಡಿಕಾಟ್ ಆರ್ಮ್, ಟ್ರೇಸಿ ಆರ್ಮ್ ಅನ್ನುವವು ಕಡಿದಾದ ಬೆಟ್ಟಗಳ ನಡುವಿನ ಕಿರಿದಾದ ಸಮುದ್ರದ ತೋಳುಗಳು. ಚೆನ್ನಾಗಿರುತ್ತವೆ, ಆದರೆ ನೀರಿನಲ್ಲಿ ಮಂಜುಗಡ್ಡೆ ಜಾಸ್ತಿಯಾದರೆ ದೊಡ್ಡ ಹಡಗು ದೂರದಿಂದಲೇ ವಾಪಸ್ ತಿರುಗುತ್ತದೆ.

ಕೊನೆಯದಾಗಿ ಪ್ರತಿ ಊರಿನ ಎದುರು ಬರೆದಿರುವ ಗಂಟೆ ನೋಡಿ. ಬೆಳಿಗ್ಗೆ 7ಕ್ಕೆ ಬಂದು ರಾತ್ರಿ 8ಕ್ಕೆ ಹೊರಡುವುದಕ್ಕೂ, ಮಧ್ಯಾಹ್ನ 1ಕ್ಕೆ ಬಂದು ಸಂಜೆ ಹೊರಡುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಸಿಯಾಟಲ್ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು ಹೆಚ್ಚಾಗಿ ಸಂಜೆಯಿಂದ ರಾತ್ರಿಯವರೆಗೆ ಮಾತ್ರ. ಆ ನಿಲುಗಡೆ ಇರುವುದೂ ಒಂದು ಕಾನೂನಿನ ಕಾರಣಕ್ಕೆ. 1886ರ ಅಮೆರಿಕದ ಕಾನೂನಿನ ಪ್ರಕಾರ, ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಈ ಒಂದು ನಿಯಮದಿಂದ ನಮ್ಮವರಿಗೆ ಮುಂದಿನ ಹಂತ ದೊಡ್ಡ ಕೆಲಸವಾಗುತ್ತದೆ.

2. ವೀಸಾ ಮತ್ತು ಪಾಸ್‌ಪೋರ್ಟ್

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇಕು, ಕೆನಡಾದ ವೀಸಾ ಕೂಡ ಬೇಕು. ಸಿಯಾಟಲ್‌ನಿಂದ ಹೋದರೂ ಅಷ್ಟೇ, ವ್ಯಾಂಕೂವರ್‌ನಿಂದ ಹೋದರೂ ಅಷ್ಟೇ. "ವಿಕ್ಟೋರಿಯಾದಲ್ಲಿ ನಾವು ಇಳಿಯುವುದೇ ಇಲ್ಲ" ಅಂದರೂ ಕೆನಡಾ ವೀಸಾ ಇಲ್ಲದವರನ್ನು ಸಾಮಾನ್ಯವಾಗಿ ಹಡಗು ಹತ್ತಲು ಬಿಡುವುದಿಲ್ಲ. ಬಂದರಿನ ತನಕ ಬಂದು ವಾಪಸ್ ಹೋದರೆ ದುಡ್ಡೂ ಬರುವುದಿಲ್ಲ.

ಎರಡೂ ವೀಸಾ ಹಲವು ಸಲ ಒಳಬರಲು ಅವಕಾಶ ಇರುವಂಥದ್ದಾಗಿರಬೇಕು. ಸಿಯಾಟಲ್‌ನಿಂದ ಹೊರಟು ವಿಕ್ಟೋರಿಯಾ ಮುಟ್ಟಿ ಮರಳಿದರೆ ನೀವು ಅಮೆರಿಕವನ್ನು ಎರಡನೇ ಸಲ ಪ್ರವೇಶಿಸಿದ ಹಾಗೆ. ವ್ಯಾಂಕೂವರ್‌ನಿಂದ ಹೋಗಿ ಬಂದರೆ ಕೆನಡಾವನ್ನು ಎರಡು ಸಲ ಪ್ರವೇಶಿಸುತ್ತೀರಿ. ಅಮೆರಿಕ ವೀಸಾದ ಸಂದರ್ಶನಕ್ಕೆ ದಿನಾಂಕ ಸಿಗಲು ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕೆನಡಾ ವೀಸಾಗೆ ಅರ್ಜಿ ಆನ್‌ಲೈನ್‌ನಲ್ಲಿ ಹಾಕಿ, ಬೆರಳಚ್ಚನ್ನು ಬೆಂಗಳೂರಿನಲ್ಲೇ ಕೊಡಬಹುದು. ಹಾಗಾಗಿ ಮೊದಲು ಅಮೆರಿಕ, ಆಮೇಲೆ ಕೆನಡಾ, ಆಮೇಲೆ ಹಡಗಿಗೆ ಪೂರ್ತಿ ಹಣ. ಈ ಅನುಕ್ರಮ ಬಿಡಬೇಡಿ.

ಅಮೆರಿಕದಲ್ಲಿ ಕೆಲಸದ ವೀಸಾ ಮೇಲೆ ಇರುವವರು ಪಾಸ್‌ಪೋರ್ಟಿನಲ್ಲಿರುವ ಸ್ಟ್ಯಾಂಪಿನ ಅವಧಿ ನೋಡಿಕೊಳ್ಳಿ. ಸ್ಟ್ಯಾಂಪ್ ಮುಗಿದಿದ್ದರೂ ಕೆನಡಾಗೆ ಚಿಕ್ಕ ಪ್ರವಾಸ ಹೋಗಿ 30 ದಿನದೊಳಗೆ ಮರಳುವವರಿಗೆ ಒಂದು ರಿಯಾಯಿತಿ ಇದೆ. ಅದಕ್ಕೆ ಷರತ್ತುಗಳೂ ಇವೆ. ಅದನ್ನು ನಂಬಿ ಹೊರಡುವ ಮುಂಚೆ ನಿಮ್ಮ ಕಂಪನಿಯ ವಕೀಲರನ್ನು ಒಂದು ಮಾತು ಕೇಳಿ. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಬೇಡ. ಆದರೆ ಕಾರ್ಡಿನ ಜೊತೆಗೆ ಅವಧಿ ಇರುವ ಪಾಸ್‌ಪೋರ್ಟ್ ಇರಲೇಬೇಕು. ಅಪ್ಪ-ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದರೆ, ಕೆನಡಾ ಮುಟ್ಟಿ ಬಂದ ಮಾತ್ರಕ್ಕೆ ಮತ್ತೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಮುಖ್ಯ. ಪಾಸ್‌ಪೋರ್ಟಿನಲ್ಲಿ ಉಪನಾಮ ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. ಅಂಥವರ ಅಮೆರಿಕ ವೀಸಾದಲ್ಲಿ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಹಡಗಿನ ಬುಕಿಂಗ್, ವಿಮಾನದ ಟಿಕೆಟ್ ಎರಡರಲ್ಲೂ ಹೆಸರನ್ನು ಹೇಗೆ ಬರೆಯಬೇಕು ಅಂತ ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ, ಅವರು ಹೇಳಿದಂತೆಯೇ ಹಾಕಿಸಿ. ಇನಿಷಿಯಲ್ ಬಿಡಿಸಿ ಬರೆದ ಕಡೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಮಗುವಿನ ಜೊತೆ ಅಪ್ಪ ಅಥವಾ ಅಮ್ಮ ಒಬ್ಬರೇ ಹೋಗುತ್ತಿದ್ದರೆ, ಅಥವಾ ಅಜ್ಜ-ಅಜ್ಜಿ ಕರೆದುಕೊಂಡು ಹೋಗುತ್ತಿದ್ದರೆ, ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಕೆನಡಾ ಗಡಿಯಲ್ಲಿ ಕೇಳುವುದುಂಟು. ಆರು ತಿಂಗಳು ತುಂಬದ ಮಗುವನ್ನು, 24 ವಾರ ಮುಟ್ಟಿದ ಗರ್ಭಿಣಿಯನ್ನು ಸಾಮಾನ್ಯವಾಗಿ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ.

3. ಯಾವ ತಿಂಗಳು?

ಹಡಗುಗಳು ಓಡುವುದು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ. ಮೇ ತಿಂಗಳಲ್ಲಿ ಮಳೆ ಕಡಿಮೆ, ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತದೆ, ಬೆಲೆಯೂ ಇಳಿದಿರುತ್ತದೆ. ಆದರೆ ಚಳಿ ಇರುತ್ತದೆ. ಜೂನ್‌ನಲ್ಲಿ ಹಗಲು ತೀರಾ ಉದ್ದ. ಜುನೋದಲ್ಲಿ ಜೂನ್ 21ರ ಸುಮಾರಿಗೆ 18 ಗಂಟೆ ಬೆಳಕಿರುತ್ತದೆ, ರಾತ್ರಿ ಊಟ ಮುಗಿಸಿ ಡೆಕ್ ಮೇಲೆ ಬಂದರೂ ಬೆಟ್ಟ ಕಾಣುತ್ತದೆ. ಜುಲೈ, ಆಗಸ್ಟ್ ಬೆಚ್ಚಗಿನ ತಿಂಗಳುಗಳು. ಬೆಚ್ಚಗೆ ಅಂದರೆ 17-18 ಡಿಗ್ರಿ. ಸಾಲ್ಮನ್ ಮೀನು ಹೊಳೆ ಹತ್ತುವುದು, ಅದನ್ನು ತಿನ್ನಲು ಕರಡಿ ಬರುವುದು ಈ ಸಮಯದಲ್ಲೇ. ಸೆಪ್ಟೆಂಬರ್‌ನಲ್ಲಿ ಬೆಲೆ ಮತ್ತೆ ಇಳಿಯುತ್ತದೆ, ಮಳೆ ಏರುತ್ತದೆ. ರಾತ್ರಿ ಕತ್ತಲಾಗುವುದರಿಂದ ಆಕಾಶ ಶುಭ್ರವಾಗಿದ್ದರೆ ಉತ್ತರದ ಬೆಳಕು (ಅರೋರಾ) ಕಾಣುವ ಸಾಧ್ಯತೆ ಇದೆ. ಜೂನ್‌ನಲ್ಲಿ ಅದನ್ನು ನೋಡಲು ಹೋದರೆ ನಿರಾಸೆಯಾಗುತ್ತದೆ, ಯಾಕೆಂದರೆ ಅಷ್ಟು ಕತ್ತಲೆಯೇ ಆಗುವುದಿಲ್ಲ.

ನಮ್ಮ ಶಾಲಾ ರಜೆ ಏಪ್ರಿಲ್-ಮೇ ಆಗಿರುವುದರಿಂದ ಮೇ ಎರಡನೇ ವಾರದ ಹಡಗುಗಳು ಕರ್ನಾಟಕದಿಂದ ಹೊರಡುವ ಕುಟುಂಬಗಳಿಗೆ ಚೆನ್ನಾಗಿ ಹೊಂದುತ್ತವೆ.

4. ಕೋಣೆ ಮತ್ತು ಖರ್ಚು

ಕಿಟಕಿ ಇಲ್ಲದ ಒಳಕೋಣೆ, ಕಿಟಕಿ ಇರುವ ಕೋಣೆ, ಬಾಲ್ಕನಿ ಕೋಣೆ, ಸೂಟ್ ಅಂತ ನಾಲ್ಕು ದರ್ಜೆ. ಬೇರೆ ಕಡೆಯ ಕ್ರೂಸ್‌ಗಳಲ್ಲಿ ಬಾಲ್ಕನಿಗೆ ದುಡ್ಡು ಸುರಿಯಬೇಡಿ ಅನ್ನುತ್ತೇನೆ. ಅಲಾಸ್ಕಾದಲ್ಲಿ ಮಾತ್ರ ಕೈಲಾದರೆ ತೆಗೆದುಕೊಳ್ಳಿ. ಬೆಳಿಗ್ಗೆ ಐದಕ್ಕೆ ಶಾಲು ಹೊದ್ದು, ಕಾಫಿ ಹಿಡಿದು ಬಾಗಿಲು ತೆರೆದರೆ ಎದುರಿಗೇ ಬೆಟ್ಟ ಇರುತ್ತದೆ. ಮಂಡಿ ನೋವಿರುವ ಹಿರಿಯರಿಗಂತೂ ಇದು ದೊಡ್ಡ ಅನುಕೂಲ. ಡೆಕ್ ಮೇಲೆ ಜನರ ನಡುವೆ ನಿಲ್ಲಬೇಕಿಲ್ಲ.

ಕುಟುಂಬ ದೊಡ್ಡದಿದ್ದರೆ ಒಂದು ಉಪಾಯ ಇದೆ. ಒಂದು ಬಾಲ್ಕನಿ ಕೋಣೆ, ಅದರ ಎದುರಿಗೇ ಒಂದು ಒಳಕೋಣೆ ತೆಗೆದುಕೊಳ್ಳಿ. ಹಿರಿಯರು ಬಾಲ್ಕನಿಯಲ್ಲಿರಲಿ, ಉಳಿದವರು ಒಳಕೋಣೆಯಲ್ಲಿ ಮಲಗಲಿ. ಹಗಲಿಡೀ ಎಲ್ಲರೂ ಬಾಲ್ಕನಿಯಲ್ಲೇ ಇರುತ್ತೀರಿ. ಕಡಲಿನ ಓಲಾಟ ಆಗದವರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಿ. ಅಲ್ಲಿ ಅಲುಗಾಟ ಕಡಿಮೆ. ಒಂದೇ ದಿಕ್ಕಿನ ಪ್ರಯಾಣದಲ್ಲಿ ಉತ್ತರಕ್ಕೆ ಹೋಗುವಾಗ ಬಲಬದಿ ದಡದ ಕಡೆಗೆ ಇರುತ್ತದೆ. ಹೋಗಿ ಬರುವ ಪ್ರಯಾಣದಲ್ಲಿ ಯಾವ ಬದಿಯಾದರೂ ಸರಿಯೇ.

ಜಾಹೀರಾತಿನಲ್ಲಿ ಕಾಣುವ ಬೆಲೆ ಇಬ್ಬರು ಒಂದೇ ಕೋಣೆಯಲ್ಲಿದ್ದರೆ ತಲಾ ಒಬ್ಬರಿಗೆ. ಒಬ್ಬರೇ ಹೋದರೆ ಹೆಚ್ಚೂಕಡಿಮೆ ಇಬ್ಬರ ದುಡ್ಡು. ಇದರ ಮೇಲೆ ಬಂದರು ತೆರಿಗೆ. ಸಿಬ್ಬಂದಿಗೆ ಟಿಪ್ಸ್ ಅಂತ ದಿನಕ್ಕೆ ತಲಾ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ವೈಫೈ, ಮದ್ಯ, ತಂಪು ಪಾನೀಯಗಳಿಗೆ ಬೇರೆ. ಊರುಗಳಲ್ಲಿನ ಸುತ್ತಾಟಕ್ಕೆ ಬೇರೆ, ಅದೇ ಕೆಲವೊಮ್ಮೆ ಟಿಕೆಟ್ಟಿನಷ್ಟು ಆಗುತ್ತದೆ. ಭಾರತದಲ್ಲಿ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಬಿಲ್ಲಿಗೆ ಸೇರುತ್ತದೆ. ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ರಸೀದಿ ಜೋಪಾನ ಮಾಡಿ.

ಬೇಸಗೆಯ ಪ್ರವಾಸಕ್ಕೆ ಹಿಂದಿನ ವರ್ಷವೇ ಮುಂಗಡ ಕೊಟ್ಟು ಕೋಣೆ ಹಿಡಿಯುವುದು ಒಳ್ಳೆಯದು. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಮೂರು ತಿಂಗಳ ಮುಂಚೆ ಇರುತ್ತದೆ. ಆ ಗಡುವಿನ ಒಳಗೆ ಬೆಲೆ ಇಳಿದರೆ ಏಜೆಂಟರಿಗೆ ಹೇಳಿ ಹೊಸ ಬೆಲೆಗೆ ಬದಲಿಸಿಕೊಳ್ಳಬಹುದಾ ಅಂತ ಕೇಳಿ. ಗಡುವು ದಾಟಿದ ಮೇಲೆ ರದ್ದು ಮಾಡಿದರೆ ಕಡಿತ ಏರುತ್ತಾ ಹೋಗುತ್ತದೆ.

ವಿಮೆಯಲ್ಲಿ ಜುಗ್ಗತನ ಮಾಡಲೇಬೇಡಿ. ಪಾಲಿಸಿಯಲ್ಲಿ ಕ್ರೂಸ್ ಪ್ರಯಾಣ ಸೇರಿದೆಯಾ, ಹಡಗಿನಿಂದ ಆಸ್ಪತ್ರೆಗೆ ಹೆಲಿಕಾಪ್ಟರಿನಲ್ಲಿ ಸಾಗಿಸುವ ಖರ್ಚು ಸೇರಿದೆಯಾ, ಈಗಾಗಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆಗೆ ರಕ್ಷಣೆ ಇದೆಯಾ, ಈ ಮೂರನ್ನೂ ಓದಿ ನೋಡಿ. ಹಡಗಿನ ವೈದ್ಯರ ಬಿಲ್ಲನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ.

5. ಊರುಗಳಲ್ಲಿ ಏನು ಮಾಡುವುದು

ಮೊದಲು ಒಂದು ನಿಯಮ. ಹಡಗಿನ ಮೂಲಕ ಬುಕ್ ಮಾಡಿದ ಎಕ್ಸ್‌ಕರ್ಶನ್ (ಊರಿನಲ್ಲಿ ಇಳಿದು ಮಾಡುವ ಸುತ್ತಾಟ) ತಡವಾದರೆ ಹಡಗು ಕಾಯುತ್ತದೆ, ಅಥವಾ ನಿಮ್ಮನ್ನು ಮುಂದಿನ ಬಂದರಿಗೆ ಸೇರಿಸುವ ಹೊಣೆ ಹೊರುತ್ತದೆ. ಹೊರಗಿನವರ ಹತ್ತಿರ ಬುಕ್ ಮಾಡಿದರೆ ದರ ಕಡಿಮೆ, ಗುಂಪು ಚಿಕ್ಕದು, ಆದರೆ ತಡವಾದರೆ ಹಡಗು ಹೊರಟೇಬಿಡುತ್ತದೆ. ಹತ್ತಿರದ ಸುತ್ತಾಟಕ್ಕೆ ಹೊರಗಿನವರು ಸಾಕು. ದೂರ ಹೋಗುವಂಥದ್ದಕ್ಕೆ, ಗಡಿ ದಾಟುವಂಥದ್ದಕ್ಕೆ ಹಡಗಿನವರೇ ಒಳ್ಳೆಯದು. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ಒಂದು ಹೇಳಿ ಹಡಗು ಇನ್ನೊಂದು ಹೇಳುವ ದಿನಗಳು ಬರುತ್ತವೆ.

ಜುನೋ ಅಲಾಸ್ಕಾದ ರಾಜಧಾನಿ. ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನದಲ್ಲೇ ಬರಬೇಕು. ಒಂದೇ ಎಕ್ಸ್‌ಕರ್ಶನ್‌ಗೆ ದುಡ್ಡು ಇದೆ ಅನ್ನುವವರು ಅದನ್ನು ಇಲ್ಲಿ ತಿಮಿಂಗಿಲ ನೋಡಲು ಖರ್ಚು ಮಾಡಿ. ಚಳಿಗಾಲವನ್ನು ಹವಾಯಿಯ ಬೆಚ್ಚಗಿನ ನೀರಿನಲ್ಲಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ದೋಣಿಗಳು ಅವುಗಳಿಂದ ಕನಿಷ್ಠ 100 ಗಜ ದೂರ ಇರಬೇಕೆಂಬ ನಿಯಮ ಇದೆ. ಅಷ್ಟು ದೂರದಿಂದಲೂ ಅದರ ಉಸಿರಿನ ಸದ್ದು ಕೇಳುತ್ತದೆ. ಎಲ್ಲರೂ ಕ್ಯಾಮೆರಾದೊಳಗೆ ಇಣುಕುತ್ತಿರುವಾಗ ನೀವು ಒಂದೆರಡು ಸಲವಾದರೂ ಬರಿಗಣ್ಣಿನಲ್ಲಿ ನೋಡಿ.

ಜುನೋದ ಇನ್ನೊಂದು ಆಕರ್ಷಣೆ ಮೆಂಡನ್‌ಹಾಲ್ ಹಿಮನದಿ. ಪೇಟೆಯಿಂದ ಸುಮಾರು 20 ಕಿಲೋಮೀಟರ್. ಅಲ್ಲಿಗೆ ಬಸ್ಸುಗಳ ಪರವಾನಗಿಗೆ ಮಿತಿ ಇದೆ, ಮುಂಚೆಯೇ ಸೀಟು ಹಿಡಿಯಿರಿ. ಹೋದವರು ವೀಕ್ಷಣಾ ಕೇಂದ್ರದಲ್ಲೇ ನಿಂತು ಫೋಟೋ ತೆಗೆದು ಮರಳುವುದು ಜಾಸ್ತಿ. ನಗೆಟ್ ಜಲಪಾತದ ತನಕ ನಡೆದು ಹೋಗಿ. ಹೋಗಿ ಬರಲು ಸುಮಾರು 3 ಕಿಲೋಮೀಟರ್, ದಾರಿ ಸಮತಟ್ಟಾಗಿದೆ. ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಸುವ ಪ್ರವಾಸಗಳೂ ಇವೆ. ತಲಾ 300 ಡಾಲರ್‌ಗಿಂತ ಜಾಸ್ತಿ ಆಗುತ್ತದೆ. ಹವಾಮಾನ ಕೆಟ್ಟರೆ ರದ್ದಾಗುತ್ತದೆ, ಆಗ ಹಣ ವಾಪಸ್ ಕೊಡುತ್ತಾರೆ. ಆ ದಿನಕ್ಕೆ ಬೇರೆ ಏನು ಮಾಡುವುದು ಅಂತ ಮೊದಲೇ ಯೋಚಿಸಿಡಿ.

ಸ್ಕ್ಯಾಗ್ವೇ ಚಿಕ್ಕ ಊರು, ವರ್ಷವಿಡೀ ಅಲ್ಲಿರುವವರು ಸಾವಿರ ಚಿಲ್ಲರೆ ಜನ. 1897-98ರಲ್ಲಿ ಕೆನಡಾದ ಕ್ಲೋಂಡೈಕ್ ಪ್ರದೇಶದ ಚಿನ್ನಕ್ಕಾಗಿ ಸಾವಿರಾರು ಜನ ಇಲ್ಲಿಂದ ಬೆಟ್ಟ ಹತ್ತಿದರು. ಒಬ್ಬೊಬ್ಬರೂ ಒಂದು ವರ್ಷಕ್ಕೆ ಆಗುವಷ್ಟು, ಸುಮಾರು ಒಂದು ಟನ್ ಸಾಮಾನು ತರದಿದ್ದರೆ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಅದೇ ದಾರಿಯಲ್ಲಿ 1898ರಿಂದ 1900ರ ನಡುವೆ ಕಟ್ಟಿದ ವೈಟ್ ಪಾಸ್ ರೈಲು ಇಂದಿಗೂ ಓಡುತ್ತದೆ. 32 ಕಿಲೋಮೀಟರಿನಲ್ಲಿ ಸುಮಾರು 870 ಮೀಟರ್ ಏರುತ್ತದೆ. ಸಕಲೇಶಪುರದ ಘಟ್ಟದ ರೈಲಿನಲ್ಲಿ ಕಿಟಕಿ ಬಿಡದೆ ಕೂತವರಿಗೆ ಇದು ಖಂಡಿತ ಹಿಡಿಸುತ್ತದೆ. ಹತ್ತುವಾಗ ಎಡಬದಿಯಲ್ಲಿ ಕೂತರೆ ಕಣಿವೆ ಚೆನ್ನಾಗಿ ಕಾಣುತ್ತದೆ. ಶಿಖರದ ತನಕ ಹೋಗಿ ಇಳಿಯದೆ ಮರಳುವ ಪ್ರಯಾಣಕ್ಕೂ, ಮುಂದೆ ಕೆನಡಾದ ಯೂಕಾನ್‌ಗೆ ಇಳಿಯುವ ಪ್ರಯಾಣಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಪಾಸ್‌ಪೋರ್ಟ್, ವೀಸಾ ಎರಡೂ ಕೈಯಲ್ಲಿರಬೇಕು.

ಕೆಚಿಕ್ಯಾನ್‌ನಲ್ಲಿ ಮಳೆ. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್, ಹೆಚ್ಚೂಕಡಿಮೆ ನಮ್ಮ ಮಂಗಳೂರಿನ ಲೆಕ್ಕ. ಆದರೆ ಇಲ್ಲಿ ಅದು ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಮಳೆ ಅಂತ ಒಳಗೆ ಕೂರಬೇಡಿ, ಊರಿನವರು ಯಾರೂ ಕೂರುವುದಿಲ್ಲ. ಹೊಳೆಯ ಮೇಲೆ ಮರದ ಕಂಬಗಳ ಮೇಲೆ ಕಟ್ಟಿದ ಕ್ರೀಕ್ ಸ್ಟ್ರೀಟ್ ನಡೆದೇ ನೋಡಬಹುದು. ಬೇಸಗೆಯ ಕೊನೆಯಲ್ಲಿ ಕೆಳಗಿನ ನೀರಿನಲ್ಲಿ ಸಾಲ್ಮನ್ ತುಂಬಿರುತ್ತದೆ. ಸ್ಯಾಕ್ಸ್‌ಮನ್ ಮತ್ತು ಟೋಟೆಮ್ ಬೈಟ್‌ನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್, ಹೈಡಾ ಜನರು ಕೆತ್ತಿದ ಎತ್ತರದ ಕಂಬಗಳಿವೆ. ನೋಡಿದ ಕೂಡಲೇ ದೇವರ ವಿಗ್ರಹ ಅನ್ನಿಸಬಹುದು. ಅವು ಪೂಜೆಗಲ್ಲ, ಒಂದೊಂದು ಮನೆತನದ ಕಥೆ, ಹಕ್ಕು, ನೆನಪುಗಳನ್ನು ಹೇಳುವಂಥವು. ಸಾಧ್ಯವಾದರೆ ಆ ಸಮುದಾಯದವರೇ ನಡೆಸುವ ಪ್ರವಾಸದಲ್ಲಿ ಹೋಗಿ ಕೇಳಿ. ಕರಕುಶಲ ವಸ್ತು ಕೊಳ್ಳುವುದಾದರೆ ಸಿಲ್ವರ್ ಹ್ಯಾಂಡ್ ಗುರುತು ಇದೆಯಾ ನೋಡಿ. ಅಲಾಸ್ಕಾದ ಮೂಲನಿವಾಸಿಗಳು ಕೈಯಾರೆ ಮಾಡಿದ್ದಕ್ಕೆ ರಾಜ್ಯ ಕೊಡುವ ಗುರುತು ಅದು. ಕೆಲವು ಹಡಗುಗಳು ಊರಿನಿಂದ ಸುಮಾರು 11 ಕಿಲೋಮೀಟರ್ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಬಸ್ಸಿನಲ್ಲಿ ಹೋಗಿ ಬರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಟ್ಕಾ ಪಟ್ಟಿಯಲ್ಲಿದ್ದರೆ ಖುಷಿಪಡಿ. ರಷ್ಯನ್ನರ ಕಾಲದ ರಾಜಧಾನಿ ಅದು. 1867ರಲ್ಲಿ 72 ಲಕ್ಷ ಡಾಲರ್‌ಗೆ ಅಲಾಸ್ಕಾ ಅಮೆರಿಕದ ಕೈಗೆ ಬಂದದ್ದು ಇಲ್ಲೇ. ಐಸಿ ಸ್ಟ್ರೇಟ್ ಪಾಯಿಂಟ್ ಹೂನಾ ಟ್ಲಿಂಗಿಟ್ ಜನರ ಕಂಪನಿಯೇ ನಡೆಸುವ ಬಂದರು. ತಿಮಿಂಗಿಲ ನೋಡಲು ಜುನೋದಷ್ಟೇ ಒಳ್ಳೆಯ ಜಾಗ, ಗಲಾಟೆ ಕಡಿಮೆ.

6. ಹಿಮನದಿಯ ದಿನ

ಗ್ಲೇಸಿಯರ್ ಬೇಯಲ್ಲಿ ಹಡಗು ಎಲ್ಲೂ ದಡಕ್ಕೆ ತಾಗುವುದಿಲ್ಲ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ಇಡೀ ದಿನ ಮೈಕಿನಲ್ಲಿ ವಿವರಣೆ ಕೊಡುತ್ತಾರೆ. ಅವರ ಮಾತನ್ನು ಬಿಡದೆ ಕೇಳಿ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿ ಬಹುಪಾಲು ಹಿಮದಿಂದ ಮುಚ್ಚಿತ್ತು. ಈಗ ಹಡಗು ಸುಮಾರು 100 ಕಿಲೋಮೀಟರ್ ಒಳಗೆ ಹೋಗುತ್ತದೆ. ಹಿಮ ಅಷ್ಟು ದೂರ ಹಿಂದೆ ಸರಿದಿದೆ. ಅದಕ್ಕೂ ಮುಂಚೆ, ಹಿಮ ಮುನ್ನುಗ್ಗಿ ಬಂದಾಗ ಹೂನಾ ಟ್ಲಿಂಗಿಟ್ ಜನ ತಮ್ಮ ಊರುಗಳನ್ನೇ ಬಿಟ್ಟು ಹೋಗಬೇಕಾಯಿತು. 2016ರಲ್ಲಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಹಿರಿಯರ ನೆನಪಿನ ದೊಡ್ಡ ಮನೆಯೊಂದು ಮತ್ತೆ ಎದ್ದು ನಿಂತಿತು. ಇದನ್ನು ತಿಳಿದು ನೋಡಿದರೆ ಆ ಖಾಲಿ ಕಾಣುವ ದಡ ಖಾಲಿ ಅನ್ನಿಸುವುದಿಲ್ಲ.

ಆ ದಿನ ಬೇಗ ಏಳಿ, ತಿಂಡಿ ಬೇಗ ಮುಗಿಸಿ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ನಿಧಾನವಾಗಿ ತಿರುಗುತ್ತದೆ, ಎರಡೂ ಬದಿಯವರಿಗೂ ಕಾಣುತ್ತದೆ. ಜಾಗಕ್ಕಾಗಿ ನೂಕುನುಗ್ಗಲು ಬೇಡ. ಹಡಗಿನ ಮುಂಭಾಗದ ಡೆಕ್ ತೆರೆದಿದ್ದರೆ ಅಲ್ಲಿಗೆ ಹೋಗಿ. ಹಿಮದ ಗೋಡೆ ಒಡೆದು ಬೀಳುವಾಗ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಸದ್ದು ಕೇಳಿ ತಿರುಗಿದರೆ ಬಿದ್ದಾಗಿರುತ್ತದೆ. ಚಿಕ್ಕ ಚೂರುಗಳು ಪದೇ ಪದೇ ಉದುರುವ ಜಾಗದ ಮೇಲೆ ಕಣ್ಣಿಟ್ಟು ಕಾಯಿರಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ. ತೇಲುವ ಮಂಜುಗಡ್ಡೆಯ ಮೇಲೆ ಸೀಲ್‌ಗಳು ಮಲಗಿರುತ್ತವೆ, ದುರ್ಬೀನು ಇದ್ದರೆ ಮಾತ್ರ ಸರಿಯಾಗಿ ಕಾಣುತ್ತವೆ. ಆದ್ದರಿಂದ 8x42 ಅಳತೆಯ ದುರ್ಬೀನನ್ನು ಇಬ್ಬರಿಗೊಂದರಂತೆ ಒಯ್ಯಿರಿ. ಮನೆಮಂದಿಗೆಲ್ಲ ಒಂದೇ ಆದರೆ ಕೈಯಿಂದ ಕೈಗೆ ಬರುವಷ್ಟರಲ್ಲಿ ಪ್ರಾಣಿ ನೀರಿಗಿಳಿದಿರುತ್ತದೆ.

ಡೆಕ್ ಮೇಲಿನಿಂದ ಕಾಗದದ ಚೂರೂ ಹಾರದಂತೆ ನೋಡಿಕೊಳ್ಳಿ. ಫೋನಿನಲ್ಲಿ ಹಾಡು ಹಾಕಬೇಡಿ. ಆ ಮೌನವನ್ನು ಕೇಳಲೆಂದೇ ಅಷ್ಟು ದೂರದಿಂದ ಬಂದವರು ಪಕ್ಕದಲ್ಲಿರುತ್ತಾರೆ.

7. ಊಟ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಹಡಗುಗಳ ಅಡುಗೆಮನೆಯಲ್ಲಿ, ಊಟದ ಹಾಲ್‌ನಲ್ಲಿ ಭಾರತದವರು ಬಹಳ ಮಂದಿ ಇರುತ್ತಾರೆ. ಬುಕ್ ಮಾಡುವಾಗಲೇ ಭಾರತೀಯ ಸಸ್ಯಾಹಾರ ಅಂತ ಬರೆಸಿ. ಈರುಳ್ಳಿ, ಬೆಳ್ಳುಳ್ಳಿ ಬೇಡದವರು ಅದನ್ನೂ ಬರೆಸಿ. ಹತ್ತಿದ ಮೊದಲ ಸಂಜೆ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಮಾತಾಡಿ. ಹಿಂದಿನ ದಿನವೇ ಹೇಳಿಟ್ಟರೆ ಮರುದಿನ ಸಂಜೆಗೆ ಬೇಳೆ, ಪಲ್ಯ, ಚಪಾತಿ ಮಾಡಿಕೊಡುವುದುಂಟು. ವೆಜಿಟೇರಿಯನ್ ಅಂದಮಾತ್ರಕ್ಕೆ ಸೂಪಿನಲ್ಲಿ ಮಾಂಸದ ಸಾರು ಇರುವುದಿಲ್ಲ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ.

ಕೋಣೆಗೆ ಕೆಟಲ್, ಇಂಡಕ್ಷನ್ ಒಲೆ, ಚಿಕ್ಕ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ತರುವ ಹಾಗಿಲ್ಲ. ಬೆಂಕಿಯ ಭಯಕ್ಕೆ ಅವನ್ನೆಲ್ಲ ಹತ್ತುವಾಗಲೇ ಎತ್ತಿಡುತ್ತಾರೆ. ಆದರೆ ಬಫೆಯಲ್ಲಿ ಬಿಸಿನೀರು ಸಿಗುತ್ತದೆ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣಗಳು, ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ ಇಷ್ಟಿದ್ದರೆ ಸಾಕು. ಒಣ ಪದಾರ್ಥವೇ ಇರಲಿ, ಅಂಗಡಿಯ ಮುಚ್ಚಿದ ಪೊಟ್ಟಣವೇ ಇರಲಿ, ಗಡಿಯಲ್ಲಿ ಆಹಾರ ಇದೆ ಅಂತ ಘೋಷಿಸಿ. ಹಡಗಿನಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಊರಿಗೆ ಇಳಿಯಬೇಡಿ, ದಂಡ ಬೀಳಬಹುದು. ಮೀನು ತಿನ್ನುವವರು ಜುನೋ, ಕೆಚಿಕ್ಯಾನ್‌ಗಳಲ್ಲಿ ಹಡಗಿನ ಊಟ ಬಿಟ್ಟು ಹೊರಗೆ ತಾಜಾ ಸಾಲ್ಮನ್, ಹ್ಯಾಲಿಬಟ್ ತಿನ್ನಿ. ಕರಾವಳಿಯವರಿಗೆ ಬೇರೆ ಹೇಳಬೇಕಿಲ್ಲ.

8. ಪೆಟ್ಟಿಗೆಯಲ್ಲಿ ಏನಿರಬೇಕು

ದಪ್ಪನೆಯ ಒಂದು ಕೋಟಿಗಿಂತ ಪದರ ಪದರ ಬಟ್ಟೆ ಉಪಯೋಗ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ನೀರು ಒಳಗಿಳಿಯದ ಟೋಪಿಯಿರುವ ಜಾಕೆಟ್. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ಜೀನ್ಸ್ ನೆನೆದರೆ ದಿನವಿಡೀ ಒಣಗುವುದಿಲ್ಲ, ಬೇಗ ಒಣಗುವ ಪ್ಯಾಂಟ್ ಇರಲಿ. ಸೀರೆ ಉಡುವ ಅಮ್ಮಂದಿರು ಡೆಕ್ ಮತ್ತು ದೋಣಿಯ ದಿನಗಳಿಗೆ ಸಲ್ವಾರ್ ಅಥವಾ ಪ್ಯಾಂಟ್ ಇಟ್ಟುಕೊಂಡರೆ ಹತ್ತಿ ಇಳಿಯಲು ಸುಲಭ. ಕಿವಿ ಮುಚ್ಚುವ ಟೋಪಿ, ಕೈಗವಸು, ಜಾರದ ಬೂಟು, ಎರಡು ಜೊತೆ ಹೆಚ್ಚಿಗೆ ಸಾಕ್ಸ್. ಜುಲೈನಲ್ಲಿ ಹೋದರೂ ಟೋಪಿ, ಕೈಗವಸು ಬಿಡಬೇಡಿ, ಹಿಮನದಿಯ ಮೇಲಿಂದ ಬೀಸುವ ಗಾಳಿ ಕೊರೆಯುತ್ತದೆ.

ಓಲಾಟಕ್ಕೆ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತನ್ನಿ, ಬೇರೆ ಮಾತ್ರೆಗಳ ಜೊತೆ ಹೊಂದುತ್ತದಾ ಅಂತ ಹಿರಿಯರು ವಿಚಾರಿಸಬೇಕು. ವಾಕರಿಕೆ ಶುರುವಾದ ಮೇಲಲ್ಲ, ಮುಂಚೆಯೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಮಾಮೂಲಿ ಔಷಧಿಗಳನ್ನು ಒಂದು ವಾರಕ್ಕೆ ಹೆಚ್ಚೇ ಇಟ್ಟುಕೊಳ್ಳಿ, ಜೊತೆಗೆ ಚೀಟಿಯೂ ಇರಲಿ. ಪ್ಲಗ್ ಅಮೆರಿಕದ ಚಪ್ಪಟೆ ಪಿನ್ನಿನದು, ಪರಿವರ್ತಕ ಬೇಕು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಒಳಗೆ ಬಿಡುವುದಿಲ್ಲ. ಕಡಲಿನಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಹಡಗಿನ ಮೊಬೈಲ್ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ ವಿಪರೀತ ಬರುತ್ತದೆ. ಅಲಾಸ್ಕಾದ ಊರುಗಳಲ್ಲಿ ಅಮೆರಿಕದ ಸಿಮ್ ನಡೆಯುತ್ತದೆ.

9. ಹತ್ತುವ ದಿನ, ಇಳಿಯುವ ದಿನ

ಹಡಗು ಹೊರಡುವ ಊರಿಗೆ ಒಂದು ದಿನ ಮುಂಚೆಯೇ ತಲುಪಿ. ಭಾರತದಿಂದ ಬರುವವರು ಎರಡು ದಿನ ಮುಂಚೆ ಬಂದರೆ ನಿದ್ದೆಯೂ ಸರಿಹೋಗುತ್ತದೆ. ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಮುಗಿಸಿ, ಹತ್ತುವ ಸಮಯ ಬೇಗನೆಯದು ಸಿಗುತ್ತದೆ. ವ್ಯಾಂಕೂವರ್‌ನಲ್ಲಿ ಅಮೆರಿಕದ ವಲಸೆ ತಪಾಸಣೆ ಕೆನಡಾ ಪ್ಲೇಸ್ ಬಂದರಿನಲ್ಲೇ ಆಗುತ್ತದೆ, ಸಾಲು ಉದ್ದ ಇರುತ್ತದೆ. ನಿಲ್ಲಲಾಗದವರಿಗೆ ಗಾಲಿಕುರ್ಚಿ ಬೇಕೆಂದು ಮುಂಚೆಯೇ ತಿಳಿಸಿ. ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವಾಗ ಸಂಜೆಯಾಗಬಹುದು. ಪಾಸ್‌ಪೋರ್ಟ್, ಔಷಧಿ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಸುರಕ್ಷತಾ ತಾಲೀಮು ಎಲ್ಲರಿಗೂ ಕಡ್ಡಾಯ.

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಬೇಕು. ಮರುದಿನ ಉಡುವ ಬಟ್ಟೆ ತೆಗೆದಿಟ್ಟುಕೊಂಡಿದ್ದೀರಾ ನೋಡಿ. ಸಿಯಾಟಲ್, ವ್ಯಾಂಕೂವರ್‌ನಲ್ಲಿ ಇಳಿಯುವವರು ಮಧ್ಯಾಹ್ನದ ನಂತರದ ವಿಮಾನ ಹಿಡಿಯಿರಿ. ಸೆವರ್ಡ್‌ನಿಂದ ಆ್ಯಂಕರೇಜ್‌ಗೆ 200 ಕಿಲೋಮೀಟರ್ ದಾರಿ, ರೈಲಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ. ವಿಟಿಯರ್‌ನಿಂದ ದೂರ ಕಡಿಮೆ, ಆದರೆ ಹೊರಬರಲು ಇರುವುದು 4 ಕಿಲೋಮೀಟರ್ ಉದ್ದದ ಒಂದೇ ಸುರಂಗ. ಒಂದೇ ಸಾಲಿನ ಆ ದಾರಿಯಲ್ಲಿ ರೈಲೂ ಹೋಗುತ್ತದೆ, ಕಾರೂ ಹೋಗುತ್ತದೆ, ಎರಡೂ ದಿಕ್ಕಿಗೆ ಸರದಿಯ ಮೇಲೆ ಬಿಡುತ್ತಾರೆ. ಅಲ್ಲಿ ಇಳಿಯುವವರು ಸುರಂಗ ತೆರೆಯುವ ವೇಳೆ ನೋಡಿಕೊಂಡು, ಸಂಜೆ ಅಥವಾ ರಾತ್ರಿಯ ವಿಮಾನಕ್ಕೇ ಟಿಕೆಟ್ ಮಾಡಿ.